ಎಲ್ಲರಿಗೂ ಬೆಕ್ಕು ಬೇಕು, ಅಮ್ಮನ ಮೂಗಿನ ಗತಿ?

"ಅಮ್ಮಾ ಪ್ಲೀಸ್... ನೋಡು ಎಷ್ಟು ಪುಟ್ಟದಿದೆ, ನನ್ನ ಅಂಗೈಯಷ್ಟು!"

2019ರ ಮಳೆಗಾಲ. ಸ್ಕೂಲ್ ವ್ಯಾನಿನಿಂದ ಇಳಿದ ಮಗಳ ಕೈಯಲ್ಲಿ ತೊಯ್ದು ತೊಪ್ಪೆಯಾದ ಬೂದು ಬಣ್ಣದ ಬೆಕ್ಕಿನ ಮರಿ. ನಮ್ಮ ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದ ಆಟೋದ ಕೆಳಗೆ ಕೂತು ಕೂಗುತ್ತಿತ್ತಂತೆ. ಆಗ ಅವಳು ನಾಲ್ಕನೇ ಕ್ಲಾಸು. ನಾನು ಬಾಗಿಲಲ್ಲೇ ನಿಂತು "ಬೇಡ ಪುಟ್ಟಾ, ಅಮ್ಮಂಗೆ ಆಗಲ್ಲ" ಅಂದೆ. ಅನ್ನುತ್ತಲೇ ಮೂರು ಸಲ ಸೀನಿದೆ. ಅದು ಬೆಕ್ಕಿನಿಂದ ಬಂದದ್ದಲ್ಲ, ನನ್ನ ಮಾಮೂಲಿ ಸೀನು. ನಮ್ಮನೆಯಲ್ಲಿ ಬೆಳಗ್ಗೆ ಆರಕ್ಕೆ ಅಲಾರಂ ಬೇಡ, ಇವಳ ಸೀನು ಸಾಕು ಅಂತ ಇವರು ಯಾವಾಗಲೂ ತಮಾಷೆ ಮಾಡುತ್ತಿದ್ದರು. ಹಾಸಿಗೆಯಿಂದ ಎದ್ದ ಕೂಡಲೇ ಹದಿನೈದೋ ಇಪ್ಪತ್ತೋ ಸೀನು, ಆಮೇಲೆ ಕಾಫಿ ಕುಡಿಯುವ ಹೊತ್ತಿಗೆ ಸರಿಹೋಗುತ್ತಿತ್ತು. ಬೆಂಗಳೂರಿನ ಹವಾ, ಎಲ್ಲರಿಗೂ ಇದ್ದದ್ದೇ ಅಂತ ವರ್ಷಗಟ್ಟಲೆ ತಳ್ಳಿಹಾಕಿಕೊಂಡು ಬಂದಿದ್ದೆವು.

ಸಂಜೆ ಇವರು ಆಫೀಸಿನಿಂದ ಬಂದರು. ಟವೆಲ್ಲಿನಲ್ಲಿ ಸುತ್ತಿದ್ದ ಮರಿಯನ್ನು ನೋಡಿ ಕರಗಿಹೋದರು. ಅತ್ತೆಯಾದರೂ ಬೆಕ್ಕು ಅಪಶಕುನ ಅನ್ನುತ್ತಾರೆ ಅಂತ ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಅವರೋ, "ಊರಲ್ಲಿ ನಮ್ಮ ಒಲೆ ಪಕ್ಕ ಯಾವಾಗ್ಲೂ ಒಂದು ಬೆಕ್ಕು ಮಲಗಿರೋದು ಕಣಮ್ಮ, ಇಲಿ ಕಾಟ ಇರೋದಿಲ್ಲ" ಅಂದುಬಿಟ್ಟರು! ಮೂರು ಓಟು ಆ ಕಡೆ, ಒಂದು ಮೂಗು ಈ ಕಡೆ. "ಅಲರ್ಜಿಗೆ ಮಾತ್ರೆ ಇದೆಯಲ್ಲ, ಒಂದು ತಗೊಂಡರಾಯ್ತು" ಅಂತ ತೀರ್ಮಾನವೂ ಆಯಿತು. ಮಾತ್ರೆ ನುಂಗಬೇಕಾದವಳು ನಾನು, ತೀರ್ಮಾನ ಮಾಡಿದವರು ಉಳಿದವರು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ತರಕಾರಿ ಗಾಡಿ ಹತ್ತಿರ ಎದುರುಮನೆಯವರು ಸೊಪ್ಪು ಆರಿಸುತ್ತಾ ಕೇಳಿದರು. "ನಮ್ಮ ಹುಡುಗ ನಾಯಿ ಬೇಕೂಂತ ಊಟ ಬಿಟ್ಟು ಕೂತಿದಾನೆ. ನನಗೆ ಧೂಳು ಕಂಡ್ರೆ ಆಗಲ್ಲ. ಏನ್ ಮಾಡ್ಲಿ ಹೇಳಿ." ಗಾಡಿ ಪಕ್ಕ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಲರ್ಜಿ ಇದ್ದವರು ಪ್ರಾಣಿ ಸಾಕಲೇಬಾರದು ಅನ್ನುವವಳು ನಾನಲ್ಲ. ಆದರೆ ಮನೆಯಲ್ಲಿ ಯಾರ ಮೂಗು ಸೋರುತ್ತದೋ ಅವರು ಹೂಂ ಅನ್ನುವ ತನಕ ಯಾವ ಮರಿಯೂ ಹೊಸ್ತಿಲು ದಾಟಬಾರದು. ಆ ಹೂಂ ಕೂಡ ಮಕ್ಕಳ ಕಣ್ಣೀರಿಗೆ ಕರಗಿ ಬಂದದ್ದಾಗಿರಬಾರದು. ಡಾಕ್ಟರ ಹತ್ತಿರ ಹೋಗಿ, ಪರೀಕ್ಷೆ ಮಾಡಿಸಿ, ಆಮೇಲೆ ಬಂದದ್ದಾಗಿರಬೇಕು.

ಚಿಂಟು ಬಂದ, ಚಿಂಟು ಹೋದ

ಮೊದಲ ಹತ್ತು ದಿನ ನನಗೆ ಏನೂ ಆಗಲಿಲ್ಲ. ಎಲ್ಲರೂ ಗೆದ್ದ ಮುಖ ಮಾಡಿಕೊಂಡು ಓಡಾಡಿದರು. ಮಗಳು ಮರಿಗೆ ಚಿಂಟು ಅಂತ ಹೆಸರಿಟ್ಟಳು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ, ಅತ್ತೆ ಒಂದು ಕೋಳಿನಿದ್ದೆ ತೆಗೆಯುವ ಹೊತ್ತಿಗೆ, ಹಾಲಿನಲ್ಲಿ ನಾನು, ಚಿಂಟು ಇಬ್ಬರೇ. ಬಟ್ಟೆ ಮಡಿಸುತ್ತಾ ಕೂತರೆ ಮಡಿಲಿಗೆ ಬಂದು ಗುರ್ ಗುರ್ ಅನ್ನುತ್ತಿತ್ತು. ಸತ್ಯ ಹೇಳ್ತೀನಿ, ಮಗಳಿಗಿಂತ ಜಾಸ್ತಿ ಅದನ್ನು ಹಚ್ಚಿಕೊಂಡವಳು ನಾನೇ.

ಮೂರನೇ ವಾರ ಕಣ್ಣು ತುರಿಕೆ ಶುರುವಾಯಿತು. ಆಮೇಲೆ ಮೂಗು ಕಟ್ಟುವುದು, ಅಂಗುಳ ಕೆರೆತ. ಚಿಂಟು ಮೂತಿ ಉಜ್ಜಿದ ಕೈಮೇಲೆಲ್ಲ ಕೆಂಪು ದದ್ದು. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ನುಂಗಿದರೆ ತೂಕಡಿಕೆ. (ಅಷ್ಟು ನಿದ್ದೆ ಬರಿಸದ ಮಾತ್ರೆಗಳೂ ಇವೆ ಅಂತ ಆಮೇಲೆ ಗೊತ್ತಾಯಿತು. ಡಾಕ್ಟರನ್ನು ಕೇಳದೆ ಅಂಗಡಿಯವನನ್ನು ಕೇಳಿದರೆ ಹೀಗೇ.) ಎರಡು ಸಲ ಹುಳಿ ತಳ ಹಿಡಿಯಿತು. ಒಂದು ದಿನ ಒಲೆ ಮೇಲೆ ಹಾಲಿಟ್ಟು ಸೋಫಾ ಮೇಲೆ ನಿದ್ದೆ ಹೋಗಿದ್ದೆ, ಅತ್ತೆ ಎದ್ದು ಬಂದು ಗ್ಯಾಸ್ ಆರಿಸಿದರು. ಆದರೂ ನಾನು ಬಾಯಿ ಬಿಡಲಿಲ್ಲ. ನಾವು ಹೆಂಗಸರಿಗೆ ಇದೊಂದು ಕೆಟ್ಟ ಅಭ್ಯಾಸ ಅಲ್ವಾ? ನಮ್ಮ ಕಾಯಿಲೆ ಹೇಳಿಕೊಂಡರೆ ಮನೆಯವರ ಖುಷಿ ಹಾಳು ಮಾಡಿದ ಹಾಗೆ ಅನ್ನಿಸುತ್ತದೆ.

ದೀಪಾವಳಿಯ ಹಿಂದಿನ ರಾತ್ರಿ ಎದೆಯಲ್ಲಿ ಸುಂಯ್ ಸುಂಯ್ ಅಂತ ಸದ್ದು. ಮಲಗಿದರೆ ಉಸಿರು ಬರುತ್ತಿಲ್ಲ, ಎದ್ದು ಕೂತರೂ ಬರುತ್ತಿಲ್ಲ. ಹತ್ತಿರದ ಆಸ್ಪತ್ರೆಗೆ ಓಡಿದೆವು, ನೆಬ್ಯುಲೈಸರ್ ಹಾಕಿದರು. ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲೊಂದು, "ಮನೇಲಿ ನಾಯಿ, ಬೆಕ್ಕು ಏನಾದ್ರೂ ಇದೆಯಾ?" ಮಗಳು ನಿಧಾನವಾಗಿ ಅಪ್ಪನ ಹಿಂದೆ ಸರಿದು ನಿಂತಳು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮೂಗು ಕೆರೆಯುವುದು ಬೇರೆ, ಉಬ್ಬಸ ಬೇರೆ. ಮೊದಲನೆಯದು ಕಿರಿಕಿರಿ, ಎರಡನೆಯದು ಪ್ರಾಣಕ್ಕೇ ಬರಬಹುದು. ಅದು ನನಗೆ ತಿಳಿದದ್ದು ಆ ರಾತ್ರಿ.

ಆ ವಾರವೇ ಚಿಂಟುವನ್ನು ತಿಪಟೂರಿನ ಹತ್ತಿರದ ನಮ್ಮ ಸಂಬಂಧಿಕರ ತೋಟದ ಮನೆಗೆ ಕಳಿಸಿದೆವು. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ನನ್ನ ಹಳೇ ಹತ್ತಿ ಸೀರೆಯ ತುಂಡು ಹಾಸಿದ್ದೆ. "ಚೆನ್ನಾಗಿದೆ, ಇಲಿ ಹಿಡೀತಿದೆ" ಅಂತ ಒಂದು ತಿಂಗಳು ಫೋನಿನಲ್ಲಿ ಹೇಳಿದರು. ಆಮೇಲೊಂದು ದಿನ, "ನಾಲ್ಕು ದಿನದಿಂದ ಕಾಣ್ತಾ ಇಲ್ಲ, ಎಲ್ಲೋ ಹೋಗಿರಬೇಕು" ಅಂದರು. ತೋಟದಲ್ಲಿ ನಾಯಿಗಳಿವೆ. ನಾನು ಮುಂದೆ ಕೇಳಲಿಲ್ಲ. ಮಗಳು ನನ್ನ ಜೊತೆ ಸರಿಯಾಗಿ ಮಾತಾಡಲು ಎಷ್ಟೋ ದಿನ ಹಿಡಿಯಿತು.

ಇಷ್ಟಾದರೂ ನನ್ನ ಸೀನು ನಿಂತಿತೇ? ಇಲ್ಲ! "ಬೆಕ್ಕು ಹೋಗಿ ಎರಡು ತಿಂಗಳಾಯ್ತಲ್ಲೇ, ನೀನಿನ್ನೂ ಸೀನ್ತಾ ಇದೀಯ. ಸುಮ್ನೆ ಕಳಿಸಿದ್ವೇನೋ" ಅಂದರು ಇವರು. ಅವರು ಬೇಕೂಂತ ಚುಚ್ಚಿದ್ದಲ್ಲ. ಆದರೆ ಚುಚ್ಚಿತು.

ಕೂದಲು ನೆಪ ಮಾತ್ರ

ಅಲರ್ಜಿ ಡಾಕ್ಟರ ಹತ್ತಿರ ಹೋದದ್ದು ಆಮೇಲೆ. ಮೊದಲೇ ಹೋಗಬೇಕಿತ್ತು. ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ, ಪ್ರತಿ ಹನಿಯ ಮೇಲೂ ಸೂಜಿಮೊನೆಯಿಂದ ಸಣ್ಣಗೆ ಚುಚ್ಚುತ್ತಾರೆ. ಅದಕ್ಕೆ ಸ್ಕಿನ್ ಪ್ರಿಕ್ ಟೆಸ್ಟ್ ಅಂತ ಹೆಸರು. ನೋವೇನೂ ಅಷ್ಟಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿಮಗೆ ಆಗದ ವಸ್ತು ಇರುವ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೆ. ಅಲರ್ಜಿ ಮಾತ್ರೆ ತಗೊಳ್ಳುತ್ತಿದ್ದರೆ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಸರಿ ಬರುವುದಿಲ್ಲ. ಎಷ್ಟು ದಿನ ಅಂತ ಅವರನ್ನೇ ಕೇಳಿ. ಮಾತ್ರೆ ನಿಲ್ಲಿಸಲು ಆಗದವರಿಗೆ ರಕ್ತ ಪರೀಕ್ಷೆಯೂ ಇದೆ.

ನನ್ನ ಕೈಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಉಬ್ಬಿದ್ದು ಯಾವುದು ಗೊತ್ತಾ? ಬೆಕ್ಕಲ್ಲ, ಹಾಸಿಗೆ ದಿಂಬಿನಲ್ಲಿರುವ, ಕಣ್ಣಿಗೆ ಕಾಣದ ಡಸ್ಟ್ ಮೈಟ್ ಅನ್ನುವ ಹುಳ! ಬೆಳಗಿನ ಆ ಇಪ್ಪತ್ತು ಸೀನು ಅದರದ್ದು. ಎರಡನೆಯದು ಬೆಕ್ಕು, ಅದೂ ಕಡಿಮೆಯೇನಲ್ಲ. ಜಿರಲೆ ಸ್ವಲ್ಪ, ಕಾಂಗ್ರೆಸ್ ಗಿಡದ ಪರಾಗ ಸ್ವಲ್ಪ. ನಾಯಿ ಇದ್ದೂ ಇಲ್ಲದ ಹಾಗೆ ಒಂದು ಚುಕ್ಕೆ. ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಲು ಶುರು ಮಾಡಿದ ಮೇಲೆ ನಮ್ಮನೆ 'ಅಲಾರಂ' ಅರ್ಧಕ್ಕರ್ಧ ನಿಂತಿತು. ಇದನ್ನು ಯಾಕೆ ಹೇಳಿದೆ ಅಂದರೆ, 'ನನಗೆ ಅಲರ್ಜಿ' ಅನ್ನುವ ಒಂದೇ ಮಾತು ಇಟ್ಟುಕೊಂಡು ನಾಯಿ ಬೆಕ್ಕು ಬೇಡ ಅನ್ನುವುದೂ ತಪ್ಪು, ಬೇಕು ಅನ್ನುವುದೂ ತಪ್ಪು. ಯಾವುದರ ಅಲರ್ಜಿ? ಅದು ಗೊತ್ತಿರಬೇಕು. ಎದುರುಮನೆಯವರಿಗೆ ಆಗದಿರುವುದು ಬರೀ ಧೂಳಿನ ಹುಳವೇ ಇದ್ದು, ಅವರ ಹುಡುಗ ಇಷ್ಟು ದಿನ ಸುಮ್ಮನೆ ಊಟ ಬಿಟ್ಟಿರಲೂಬಹುದು.

ಬೆಕ್ಕಿನ ಕೂದಲಿನಿಂದ ಅಲರ್ಜಿ ಬರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಿಜವಾದ ಕಳ್ಳ ಬೇರೆ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಎಣ್ಣೆ ಗ್ರಂಥಿಗಳಿಂದ ಬರುವ ಒಂದು ಪ್ರೋಟೀನು, ಫೆಲ್ ಡಿ 1 ಅಂತ ಅದರ ಹೆಸರು. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದಲ್ಲ, ಆಗ ಅದು ಮೈಗೆಲ್ಲ ಮೆತ್ತಿ, ಒಣಗಿ, ನಮ್ಮ ತಲೆಹೊಟ್ಟಿನ ಹಾಗೆ ಉದುರುತ್ತದೆ. ಎಷ್ಟು ಸಣ್ಣ ಕಣ ಅಂದರೆ ಗಂಟೆಗಟ್ಟಲೆ ಗಾಳಿಯಲ್ಲೇ ತೇಲಾಡಬಲ್ಲದು. ಬಟ್ಟೆಗೆ ಅಂಟಿಕೊಂಡು ಸ್ಕೂಲಿಗೆ, ಬಸ್ಸಿಗೆ, ಬೆಕ್ಕೇ ಇಲ್ಲದ ಮನೆಗೆ ಹೋಗುತ್ತದೆ. ಸೋಫಾ, ಪರದೆ, ಹಾಸಿಗೆಯಲ್ಲಿ ಕೂತರೆ ಬೆಕ್ಕು ಹೋದ ಮೇಲೂ ನಾಲ್ಕರಿಂದ ಆರು ತಿಂಗಳು ಉಳಿಯಬಹುದು. ಡಾಕ್ಟರು ಇದನ್ನು ಹೇಳಿದಾಗ ನಾನು ಇವರ ಮುಖ ನೋಡಿದೆ. ಇವರು ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದರು.

ನಾಯಿಯ ಕಥೆಯೂ ಹೆಚ್ಚುಕಡಿಮೆ ಇದೇ. ಜೊಲ್ಲು, ಚರ್ಮದ ಹೊಟ್ಟು. ಪ್ರೋಟೀನುಗಳ ಹೆಸರು ಬೇರೆ ಅಷ್ಟೇ.

'ಅಲರ್ಜಿ ಬಾರದ' ನಾಯಿಯ ವ್ಯಾಪಾರ

ಈಗ ಬರುತ್ತದೆ ನೋಡಿ, ಅಂಗಡಿಯವರ ಮಾತು. "ಮೇಡಂ, ಇದು ಹೈಪೋಅಲರ್ಜೆನಿಕ್ ತಳಿ. ಕೂದಲೇ ಉದುರಲ್ಲ. ನಿಮಗೇನೂ ಆಗಲ್ಲ." ಪೂಡಲ್, ಶಿಟ್ ಜೂ, ಲ್ಯಾಬ್ರಡೂಡಲ್... ಹೆಸರು ಕೇಳಿದರೇ ದುಬಾರಿ ಅನ್ನಿಸುತ್ತದೆ, ದುಬಾರಿಯೇ.

2008ರಲ್ಲಿ ಬರಾಕ್ ಒಬಾಮ ಅಮೆರಿಕದ ಚುನಾವಣೆ ಗೆದ್ದ ರಾತ್ರಿ ಮಕ್ಕಳಿಗೆ ನಾಯಿಮರಿ ಕೊಡಿಸುವ ಮಾತು ಕೊಟ್ಟಿದ್ದರು, ನೆನಪಿದೆಯಾ? ದೊಡ್ಡ ಮಗಳಿಗೆ ಅಲರ್ಜಿ. ಹಾಗಾಗಿ ಹುಡುಕಿ ಹುಡುಕಿ 2009ರ ಏಪ್ರಿಲ್‌ನಲ್ಲಿ 'ಬೋ' ಅನ್ನುವ ಪೋರ್ಚುಗೀಸ್ ವಾಟರ್ ಡಾಗ್ ಶ್ವೇತಭವನಕ್ಕೆ ಬಂತು. ಆವತ್ತಿನಿಂದ 'ಅಲರ್ಜಿ ಬಾರದ ನಾಯಿ' ಅನ್ನುವ ಮಾತು ಮನೆಮಾತಾಯಿತು. ಆದರೆ 2011ರಲ್ಲಿ ಅಮೆರಿಕದ್ದೇ ಸಂಶೋಧಕರು ನಾಯಿ ಸಾಕಿದ 170ಕ್ಕೂ ಹೆಚ್ಚು ಮನೆಗಳ ಧೂಳು ತೆಗೆದು ಪರೀಕ್ಷಿಸಿದಾಗ, ಆ ವಿಶೇಷ ತಳಿಗಳ ಮನೆಗೂ ಮಾಮೂಲಿ ನಾಯಿಗಳ ಮನೆಗೂ ವ್ಯತ್ಯಾಸವೇ ಕಾಣಲಿಲ್ಲ. 2012ರಲ್ಲಿ ನೆದರ್ಲೆಂಡ್ಸ್‌ನವರು ನೋಡಿದಾಗ ಈ ಸ್ಪೆಷಲ್ ನಾಯಿಗಳ ಕೂದಲಿನಲ್ಲಿ ಅಲರ್ಜಿ ತರುವ ಪ್ರೋಟೀನು ಇನ್ನೂ ಜಾಸ್ತಿಯೇ ಇತ್ತು!

ಲ್ಯಾಬ್ರಡೂಡಲ್ ಹುಟ್ಟಿದ ಕಥೆ ಇನ್ನೂ ಸ್ವಾರಸ್ಯ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಒಂದು ಸಂಸ್ಥೆಗೆ ಹವಾಯಿಯ ಅಂಧ ಮಹಿಳೆಯೊಬ್ಬರು ದಾರಿ ತೋರಿಸುವ ನಾಯಿ ಬೇಕೆಂದು ಕೇಳಿದರು. ಆಕೆಯ ಗಂಡನಿಗೆ ಅಲರ್ಜಿ. ವಾಲಿ ಕಾನ್ರನ್ ಅನ್ನುವವರು ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿಸಿ ಮರಿ ಮಾಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಆ ಗಂಡನಿಗೆ ಒಗ್ಗಿದ್ದು ಒಂದೇ ಒಂದು. ಒಂದೇ ತಾಯಿಯ ಮೂರರಲ್ಲಿ ಒಂದು! ಅಂದರೆ ವಿಷಯ ತಳಿಯದ್ದಲ್ಲ, ಆ ಒಂದು ನಾಯಿ ಮತ್ತು ಆ ಒಬ್ಬ ಮನುಷ್ಯನದ್ದು. ತಾನು ಶುರು ಮಾಡಿದ ಈ ವ್ಯಾಪಾರ ಎಲ್ಲಿಗೆ ಬಂದು ನಿಂತಿದೆ ಎಂದು 2019ರಲ್ಲಿ ಕಾನ್ರನ್ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟುಕೊಂಡರು.

ಇನ್ನೊಂದು ಸಮಾಧಾನದ ಮಾತಿದೆ, 'ಇರುತ್ತಾ ಇರುತ್ತಾ ಒಗ್ಗಿಹೋಗುತ್ತೆ' ಅನ್ನುವುದು. ಕೆಲವರಿಗೆ ಒಗ್ಗುತ್ತದೆ, ಸುಳ್ಳಲ್ಲ. ತವರಿಗೆ ಹೋಗಿ ಒಂದು ತಿಂಗಳಿದ್ದು ಬಂದರೆ ಮತ್ತೆ ಮೊದಲಿನಿಂದ ಶುರುವಾಗುವುದೂ ಉಂಟು. ನನ್ನ ಹಾಗೆ ಮೂಗಿನಿಂದ ಶುರುವಾಗಿ ಎದೆಗೆ ಇಳಿಯುವುದೂ ಉಂಟು. ಯಾರಿಗೆ ಯಾವುದು ಅಂತ ಮೊದಲೇ ಹೇಳಲು ಯಾರಿಂದಲೂ ಆಗದು. ಹಾಗಿರುವಾಗ ಇನ್ನೊಬ್ಬರ ಉಸಿರನ್ನು ಪಣಕ್ಕಿಟ್ಟು ಕಾದು ನೋಡೋಣ ಅನ್ನುವುದು ನ್ಯಾಯವೇ?

ಹಾಗೇ, ಚಿಕ್ಕಂದಿನಲ್ಲಿ ಪ್ರಾಣಿಗಳ ಜೊತೆ ಬೆಳೆದ ಮಕ್ಕಳಿಗೆ ಅಲರ್ಜಿ ಬರುವುದಿಲ್ಲ ಅನ್ನುವ ಮಾತನ್ನೂ ಕೇಳಿರುತ್ತೀರಿ. 2002ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷ ಎರಡು ಅಥವಾ ಹೆಚ್ಚು ನಾಯಿ ಬೆಕ್ಕುಗಳಿದ್ದ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಆರೇಳು ವರ್ಷದ ಹೊತ್ತಿಗೆ ಅಲರ್ಜಿ ಕಡಿಮೆ ಕಂಡಿತ್ತು, ನಿಜ. ಆದರೆ ಅದು ಹಸುಗೂಸುಗಳ ಮಾತು. ಈಗಾಗಲೇ ಸೀನುತ್ತಿರುವ ನಲವತ್ತರ ಅಮ್ಮನಿಗೆ ಅದು ಔಷಧಿಯಲ್ಲ.

ಒರೆಸುವವರು ಯಾರು?

ಅಲರ್ಜಿ ಇದ್ದೂ ಸಾಕಲೇಬೇಕು ಅಂತಿದ್ದರೆ ಏನೇನು ಮಾಡಬೇಕು ಅಂತ ಎಲ್ಲ ಕಡೆ ಪಟ್ಟಿ ಸಿಗುತ್ತದೆ. ಮಲಗುವ ಕೋಣೆಗೆ ಪ್ರಾಣಿಯನ್ನು ಬಿಡಬೇಡಿ, ಹಗಲೂ ರಾತ್ರಿ ಬಾಗಿಲು ಹಾಕಿಡಿ. ಇದು ಎಲ್ಲಕ್ಕಿಂತ ಮುಖ್ಯ. ದಪ್ಪ ಪರದೆ, ಕಾರ್ಪೆಟ್ ತೆಗೆದುಬಿಡಿ. ನಮ್ಮ ಮೊಸಾಯಿಕ್, ಟೈಲ್ಸ್ ನೆಲ ಈ ವಿಷಯದಲ್ಲಿ ವರವೇ ಸರಿ. ಆದರೆ ಒಣ ಪೊರಕೆಯಲ್ಲಿ ಗುಡಿಸಿದರೆ ಕೆಳಗಿದ್ದ ಕಣವೆಲ್ಲ ಮೇಲೆದ್ದು ಮೂಗಿಗೇ ಬರುತ್ತದೆ, ಹಾಗಾಗಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನಾಯಿಗೆ ವಾರಕ್ಕೆರಡು ಸಲ ಸ್ನಾನ ಮಾಡಿಸಿದರೆ ಅಲರ್ಜಿಯ ಅಂಶ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಅಷ್ಟೇ. ಬೆಕ್ಕಿಗೆ ಸ್ನಾನ ಮಾಡಿಸಿದ್ದರ ಫಲ ಒಂದು ವಾರ ಕೂಡ ನಿಲ್ಲುವುದಿಲ್ಲ, ಕೈಗೆ ಪರಚಿಸಿಕೊಂಡದ್ದಷ್ಟೇ ಉಳಿಯುತ್ತದೆ. ಗಂಡು ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡಿಸಿದರೆ ಆ ಪ್ರೋಟೀನು ಕಡಿಮೆಯಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೊಟ್ಟೆಯಿಂದ ತೆಗೆದ ಪ್ರತಿಕಾಯ ಬೆರೆಸಿದ ಬೆಕ್ಕಿನ ಆಹಾರವೂ ವಿದೇಶಗಳಲ್ಲಿ ಮಾರುಕಟ್ಟೆಗೆ ಬಂದಿದೆ. ಕಂಪನಿಯವರದೇ ಅಧ್ಯಯನದಲ್ಲಿ ಮೂರನೇ ವಾರದಿಂದ ಅಲರ್ಜಿಯ ಅಂಶ ಸರಾಸರಿ 47 ಶೇಕಡಾ ಇಳಿದಿತ್ತು. ಇಳಿಯಿತು ಅಂದರೆ ಇಲ್ಲವಾಯಿತು ಅಂತಲ್ಲ, ಅರ್ಧಕ್ಕಿಂತ ಜಾಸ್ತಿ ಉಳಿದೇ ಇತ್ತು. ಡಾಕ್ಟರ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ಕೊಡುವ ಅಲರ್ಜಿ ಇಂಜೆಕ್ಷನ್ನುಗಳ ಚಿಕಿತ್ಸೆಯೂ ಉಂಟು, ಮೂರರಿಂದ ಐದು ವರ್ಷ ಹಿಡಿಯುತ್ತದೆ, ಖರ್ಚೂ ಇದೆ.

ಪಟ್ಟಿ ಚೆನ್ನಾಗಿದೆ. ಆದರೆ ಈ ಪಟ್ಟಿಯಲ್ಲಿರುವ ಕೆಲಸವೆಲ್ಲ ಯಾರು ಮಾಡುವುದು ಅಂತ ಯಾರಾದರೂ ಬರೆದದ್ದು ನೋಡಿದ್ದೀರಾ? ಒರೆಸುವುದು, ಪರದೆ ಒಗೆಯುವುದು, ಬೆಕ್ಕಿನ ಮರಳಿನ ಟ್ರೇ ಚೊಕ್ಕ ಮಾಡುವುದು, ನಾಯಿಗೆ ಮೈ ತೊಳೆಸುವುದು. ನಮ್ಮ ಮನೆಗಳಲ್ಲಿ ಇದು ಯಾರ ತಲೆಗೆ ಬರುತ್ತದೆ ಅಂತ ಬೇರೆ ಹೇಳಬೇಕೇ? ಅಲರ್ಜಿ ಇರುವವಳೂ ಅವಳೇ, ಅಲರ್ಜಿಯ ಧೂಳಿನಲ್ಲಿ ಕೈ ಆಡಿಸಬೇಕಾದವಳೂ ಅವಳೇ. ಚಿಂಟು ಇದ್ದ ನಾಲ್ಕು ತಿಂಗಳು ಅದರ ಟ್ರೇ ತೆಗೆದದ್ದು ನಾನು, ಕೂದಲು ಅಂಟಿದ ಸೋಫಾ ಕವರು ಕೊಡವಿದ್ದು ನಾನು. "ನಾನೇ ಎಲ್ಲ ಮಾಡ್ತೀನಮ್ಮಾ, ಪ್ರಾಮಿಸ್" ಅಂದ ಮಗಳ ಪ್ರಾಮಿಸ್ಸು ಹೋಂವರ್ಕಿನ ಭಾರಕ್ಕೆ ಎರಡೇ ವಾರದಲ್ಲಿ ಕುಸಿದಿತ್ತು. ಮಗುವನ್ನು ದೂರುವುದಿಲ್ಲ, ಒಂಬತ್ತು ವರ್ಷದ ಮಗು ಮತ್ತೇನು ಮಾಡೀತು. ದೊಡ್ಡವರನ್ನು ದೂರುತ್ತೇನೆ.

ಅದಕ್ಕೇ ಎದುರುಮನೆಯವರಿಗೆ ಹೇಳಿದೆ. ನಾಯಿ ತರುವ ಮೊದಲು ಎರಡು ತಿಂಗಳು ನಿಮ್ಮನೆಯವರು ದಿನಾ ನೆಲ ಒರೆಸಲಿ, ಭಾನುವಾರ ಪರದೆ ತೆಗೆದು ಒಗೆಯಲಿ, ಹುಡುಗ ಬೆಳಗ್ಗೆ ಆರಕ್ಕೆ ಎದ್ದು ನಾಯಿ ಇಲ್ಲದೆಯೇ ಒಂದು ರೌಂಡು ಹಾಕಿ ಬರಲಿ. ಮಾಡಿದರೆ ಆಮೇಲೆ ಮಾತಾಡೋಣ. ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಕೆಲಸಕ್ಕೆ ಬರುವವರ ಮೇಲೆ ಹಾಕೋಣ ಅನ್ನುವವರಿಗೆ ಒಂದು ಮಾತು, ಅವರಿಗೂ ಮೂಗಿದೆ, ಅವರನ್ನೂ ಕೇಳಬೇಕು.

ಒಂದು ಕಡೆ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ, ಮುಖ್ಯವಾಗಿ ಮಕ್ಕಳಿಗೆ, ಉಬ್ಬಸ ಇದ್ದು ಪರೀಕ್ಷೆಯಲ್ಲಿ ಆ ಪ್ರಾಣಿಯ ಅಲರ್ಜಿಯೂ ಇದೆ ಅಂತ ಬಂದಿದ್ದರೆ, ಬೇಡ. ಅಳಲಿ, ಊಟ ಬಿಡಲಿ, ಬೇಡ.

ಮೀನು ಸಾಕಿಕೊಳ್ಳಬಹುದಲ್ಲ ಅಂತ ಕೇಳುತ್ತೀರಿ. ಆಗಬಹುದು, ಆದರೆ ಒಣಗಿಸಿದ ಹುಳದಿಂದ ಮಾಡಿದ ಮೀನಿನ ಆಹಾರಕ್ಕೂ ಕೆಲವರಿಗೆ ಅಲರ್ಜಿ ಬರುತ್ತದೆ. ಗಿಳಿ? ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು, ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪಾರಿವಾಳಕ್ಕೆ ಬಾಲ್ಕನಿಯಲ್ಲಿ ಕಾಳು ಹಾಕುವ ಅಭ್ಯಾಸವಂತೂ ಉಬ್ಬಸದವರ ಮನೆಯಲ್ಲಿ ಬೇಡವೇ ಬೇಡ, ಅದರ ಹಿಕ್ಕೆ, ಪುಕ್ಕದ ಧೂಳು ಶ್ವಾಸಕೋಶಕ್ಕೇ ಕಂಟಕ.

ತಂದು ಬಿಡುವುದಕ್ಕಿಂತ

ಅಲರ್ಜಿಯ ವಿಷಯದಲ್ಲಿ ನಾವು ನಮ್ಮ ಮೂಗಿನದ್ದಷ್ಟೇ ಮಾತಾಡುತ್ತೇವೆ. ಪ್ರಾಣಿಯ ಕಡೆಯಿಂದಲೂ ಸ್ವಲ್ಪ ನೋಡಿ. ಬೆಕ್ಕು ಚೆನ್ನಾಗಿ ಸಾಕಿದರೆ ಹದಿನೈದು ವರ್ಷ ಬದುಕುತ್ತದೆ, ನಾಯಿ ಹತ್ತು ಹನ್ನೆರಡು ವರ್ಷ. ನಾಲ್ಕು ತಿಂಗಳು ಮಡಿಲಲ್ಲಿ ಮಲಗಿ ಆಮೇಲೆ ರಟ್ಟಿನ ಡಬ್ಬದಲ್ಲಿ ಹೊರಟ ಜೀವಕ್ಕೆ ತನ್ನ ತಪ್ಪೇನು ಅಂತ ಗೊತ್ತಾಗುವುದಿಲ್ಲ. ಸಾಕಿದ ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದಿದ್ದ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ನಾವು ಚಿಂಟುವನ್ನು ಬೀದಿಗೆ ಬಿಡಲಿಲ್ಲ, ತೋಟಕ್ಕೆ ಕಳಿಸಿದೆವು. ಅಷ್ಟು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ.

ಹಾಗಾಗಿ ತರುವ ಮೊದಲೇ ನಿಮ್ಮ ಮೂಗಿಗೆ ಪರೀಕ್ಷೆ ಇಡಿ. ನಾಯಿ ಇರುವ ಗೆಳತಿಯ ಮನೆಗೆ ಹೋಗಿ ಬನ್ನಿ, ಒಂದು ಸಲ ಅಲ್ಲ, ಐದಾರು ಸಲ, ಪ್ರತಿ ಸಲ ಒಂದೆರಡು ಗಂಟೆ. ನನ್ನ ಹಾಗೆ ಮೊದಲ ಹತ್ತು ದಿನ ಸುಮ್ಮನಿದ್ದು ಆಮೇಲೆ ಕಾಡುವ ಮೂಗೂ ಇರುತ್ತದೆ. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾದಂಥ ಸಂಸ್ಥೆಗಳಿವೆ, ಬೇರೆ ಊರುಗಳಲ್ಲೂ ಪ್ರಾಣಿ ದಯಾ ಸಂಘಗಳಿವೆ. ಅಲ್ಲಿ ಅಲರ್ಜಿಯ ವಿಷಯ ಮುಚ್ಚಿಡದೆ ಹೇಳಿ. ಕೆಲವರು ಫಾಸ್ಟರ್ ಅಂತ ಕೆಲವು ವಾರ ಸಾಕಲು ಕೊಡುತ್ತಾರೆ. ಆಗದಿದ್ದರೆ ವಾಪಸು ಕೊಡುವ ಮಾತು ಮೊದಲೇ ಆಗಿರುತ್ತದೆ, ತೋಟದ ಮನೆಗೆ ಫೋನ್ ಮಾಡುವ ಗೊಡವೆ ಇಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಮರಿಗೆ ಆ ಅನುಕೂಲ ಸಿಗುವುದು ಕಷ್ಟ. ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು, ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ನಿವಾಸಿ ಸಂಘಗಳಿಗೆ ಹೇಳಿದೆ. ಅಸೋಸಿಯೇಷನ್ನಿನವರ ಹೆಸರು ಹೇಳಿ ಮಕ್ಕಳಿಂದ ತಪ್ಪಿಸಿಕೊಳ್ಳಲು ಆಗದು, ನಾನು ಅದನ್ನೂ ಪ್ರಯತ್ನಿಸಿ ನೋಡಿದ್ದೇನೆ!

ನಾಲ್ಕನೇ ಕ್ಲಾಸಿನಲ್ಲಿದ್ದ ಮಗಳು ಈಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಈ ಸಲ ಅವಳು ಮರಿ ತಂದು ಬಾಗಿಲಲ್ಲಿ ನಿಲ್ಲಲಿಲ್ಲ. "ಅಮ್ಮ, ನಿನ್ನ ಟೆಸ್ಟ್ ರಿಪೋರ್ಟಲ್ಲಿ ನಾಯಿದು ಚಿಕ್ಕ ಚುಕ್ಕೆ ಇತ್ತಲ್ವಾ? ಡಾಕ್ಟರನ್ನ ಒಂದ್ಸಲ ಕೇಳೋಣ್ವಾ?" ಅಂತ ಕೇಳಿದಳು. ಕೇಳಿದೆವು. ಮತ್ತೆ ಟೆಸ್ಟ್ ಮಾಡಿದರು, ಎದೆಯನ್ನೂ ಪರೀಕ್ಷಿಸಿದರು. ನೋಡಿ, ಆದರೆ ನಿಧಾನವಾಗಿ ನೋಡಿ ಅಂದರು. ಐದು ಭಾನುವಾರಗಳಿಂದ ನಾವು ಊರಾಚೆಯ ಒಂದು ನಾಯಿಗಳ ಆಶ್ರಯಧಾಮಕ್ಕೆ ಹೋಗುತ್ತಿದ್ದೇವೆ. ಅಲ್ಲೊಂದು ಹೆಣ್ಣು ನಾಯಿ ಇದೆ, ನಮ್ಮ ಬೀದಿಗಳದ್ದೇ ತಳಿ, ಎರಡು ವರ್ಷ, ಒಂದು ಕಿವಿ ಅರ್ಧ ಮಡಚಿದೆ. ನನ್ನ ಪಕ್ಕ ಬಂದು ಕೂರುತ್ತದೆ. ನಾನು ಅದರ ಬೆನ್ನು ಸವರಿ, ಕೈ ತೊಳೆದು, ಮನೆಗೆ ಬಂದು ಮೂಗು, ಕಣ್ಣು, ಎದೆ ಮೂರರ ಲೆಕ್ಕ ಬರೆದಿಡುತ್ತೇನೆ. ಮೊದಲ ವಾರ ನಾಲ್ಕು ಸೀನು. ಮೂರನೇ ವಾರ ಕಣ್ಣು ಸ್ವಲ್ಪ. ಎದೆ ಈವರೆಗೆ ಸುಮ್ಮನಿದೆ.

ಬರುವ ಭಾನುವಾರ ಆರನೇ ಸಲ. ಅದೂ ಸರಿಯಾದರೆ ಎರಡು ವಾರ ಮನೆಗೆ ಕಳಿಸಿ ನೋಡೋಣ ಅಂದಿದ್ದಾರೆ ಅಲ್ಲಿನವರು. ಇವರು ಕಳೆದ ತಿಂಗಳಿಂದ ದಿನಾ ಬೆಳಗ್ಗೆ ನೆಲ ಒರೆಸುತ್ತಿದ್ದಾರೆ, ಮೂಲೆಗಳನ್ನು ಬಿಟ್ಟು. ಮಗಳು ಕೆಂಪು ಬೆಲ್ಟ್ ಒಂದನ್ನು ನೋಡಿಟ್ಟಿದ್ದಾಳೆ, ಕೊಳ್ಳೋಣ್ವಾ ಅಂತ ನಿನ್ನೆ ಕೇಳಿದಳು. ಇನ್ನೂ ಬೇಡ ಅಂದಿದ್ದೇನೆ.